ಗಂಡ ಸತ್ತ ಕತೆ

ಮೊದಲು ಕಂಡದ್ದು ಕಿವಿ. ಹಡಗಿನಿಂದ ಇಳಿದು ಬರುತ್ತಿದ್ದ ಟೋಪಿಗಳ, ಕ್ಯಾಮೆರಾಗಳ, ಕಪ್ಪು ಕನ್ನಡಕಗಳ ಸಾಲಿನಲ್ಲಿ ಒಂದು ಎಡಗಿವಿ, ಓದುವವರು ಗುರುತಿಗೆಂದು ಹಾಳೆಯ ಮೂಲೆ ಮಡಚಿಟ್ಟ ಹಾಗೆ ಮೇಲ್ತುದಿ ಮಡಚಿಕೊಂಡಿದ್ದ ಕಿವಿ, ನೇರವಾಗಿ ತನ್ನ ಹಳದಿ ಕೊಡೆಯತ್ತ ಬರುತ್ತಿರುವುದನ್ನು ಒಟಿಲಿಯಾ ನೋಡಿದಳು. ನಡುಸಮುದ್ರದ ಆ ದ್ವೀಪದ ಫುಂಶಾಲ್ ಬಂದರಿನ ಕಟ್ಟೆಯ ಮೇಲೆ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಅವಳು ಎಂದಿನಂತೆ ನಗುತ್ತಿದ್ದಳು. ಗೈಡ್ ಕೆಲಸಕ್ಕೆ ಸೇರಿದಾಗಿನಿಂದ ಆ ನಗು ಕೊಡೆ ಬಿಚ್ಚಿದೊಡನೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಇವನು ಸತ್ತಿದ್ದಾನಲ್ಲ, ಎಂದುಕೊಂಡಳು. ಅರೆಗಳಿಗೆ ಅದು ನಿಜವೆಂದೇ ತೋರಿ, ಸತ್ತವನು ಹೀಗೆ ಹಾಡಹಗಲು ಚಡ್ಡಿ ಹಾಕಿಕೊಂಡು ಊರೊಳಗೆ ಬರಬಹುದೇ ಎಂದು ಸಿಟ್ಟೂ ಬಂತು. ಆಮೇಲೆ ನೆನಪಾಯಿತು: ಇವನನ್ನು ಸಾಯಿಸಿದವಳು ತಾನೇ.

ವೆನಾನ್ಸಿಯೊ ದಪ್ಪಗಾಗಿದ್ದ. ಕುತ್ತಿಗೆ ತಲೆಯಷ್ಟೇ ಅಗಲವಾಗಿತ್ತು, ಮಡಚಿದ ಕಿವಿಯ ಹಿಂದೆ ಕಡಲೆಕಾಯಿ ಗಾತ್ರದ ಕಿವಿಯಂತ್ರ ಕೂತಿತ್ತು. ಮದುವೆಯಾದ ಹೊಸದರಲ್ಲಿ ಸಮುದ್ರಕ್ಕೆ ಕರೆದರೂ ಪ್ಯಾಂಟು ಮಡಚದಿದ್ದ ಮನುಷ್ಯನ ಮೊಣಕಾಲುಗಳನ್ನು ಈಗ ಊರೆಲ್ಲ ನೋಡಬಹುದಿತ್ತು. ಪಕ್ಕದಲ್ಲಿ ಅವನಿಗಿಂತ ಗೇಣು ಎತ್ತರದ ಹೆಂಗಸು. ಕೆಂಪು ಮುಖ, ಹುಡುಗರ ಹಾಗೆ ಕತ್ತರಿಸಿದ ಬಿಳಿ ಕೂದಲು. ಸಂತೆಯಲ್ಲಿ ಕೊಂಡ ಹೋರಿಯನ್ನು ಮನೆಗೆ ಹೊಡೆದುಕೊಂಡು ಹೋಗುವವಳಂತೆ ಅವನ ಮೊಣಕೈ ಹಿಡಿದಿದ್ದಳು. "ನಾನು ಹೆಟ್ಟಿ. ಇವರು ನನ್ನ ಗಂಡ," ಎಂದಳು. "ಜೊಹಾನ್ಸ್‌ಬರ್ಗ್ ನಮ್ಮೂರು. ಕೇಪ್‌ಟೌನಿಂದ ಇಲ್ಲೀತನಕ ಬರೀ ನೀರು ನೋಡಿ ನೋಡಿ ಸಾಕಾಗಿದೆ. ತಿನ್ನೋದು ಕುಡಿಯೋದು ಏನಿದೆಯೋ ಎಲ್ಲಾ ತೋರಿಸಿಬಿಡಿ." ಗಂಡ ಕೈ ಚಾಚಿದ. ಒಟಿಲಿಯಾ ಕುಲುಕಿದಳು. ಅಂಗೈ ಮೆತ್ತಗಿತ್ತು. ಹಗ್ಗ ಹಿಡಿದು ಗಟ್ಟಿಯಾಗಿದ್ದ ಆ ಗಂಟುಗಳೆಲ್ಲ ಎಲ್ಲಿ ಹೋದವೆಂದು ಅವಳ ಹೆಬ್ಬೆರಳು ಅವಳಿಗೇ ತಿಳಿಯದಂತೆ ಹುಡುಕಿತು. ಅವನು ಕೈ ಎಳೆದುಕೊಂಡ. "ಗುಡ್ ಮಾರ್ನಿಂಗ್," ಎಂದ, ಇಂಗ್ಲಿಷಿನಲ್ಲಿ, ಗೋಡೆಗೆ ಹೇಳುವವನ ಹಾಗೆ.

ಅಷ್ಟರಲ್ಲಿ "ಒಟಿಲಿಯಾ! ನಾನು ಬಂದೆ ನೋಡಿ!" ಎಂದು ಕೂಗುತ್ತ ಮಿಸೆಸ್ ಹ್ಯಾಲಮ್ ಬಂದಳು. ಈ ಇಂಗ್ಲಿಷ್ ಮುದುಕಿ ಯಾವ ಹಡಗು ಹತ್ತಿದರೂ ಅದು ಫುಂಶಾಲಿನಲ್ಲಿ ನಿಲ್ಲುತ್ತದೆಯೇ ಎಂದು ವಿಚಾರಿಸಿಯೇ ಹತ್ತುವವಳು. ಹೋದ ಸಲಕ್ಕೂ ಈ ಸಲಕ್ಕೂ ನಡುವೆ ಒಂದು ಮೊಣಕಾಲು ಹೊಸದಾಗಿ ಹಾಕಿಸಿಕೊಂಡಿದ್ದಳು. ಒಟಿಲಿಯಾಳನ್ನು ತಬ್ಬಿಕೊಂಡು ಮಿಕ್ಕವರ ಕಡೆ ತಿರುಗಿ, "ನಿಮ್ಮ ಅದೃಷ್ಟ. ಇವರ ಥರ ಕತೆ ಹೇಳೋರು ಇನ್ನೊಬ್ಬರಿಲ್ಲ. ಗಂಡ ಸತ್ತ ಕತೆ ಕೇಳಿ, ಆಮೇಲೆ ಮಾತಾಡಿ," ಎಂದಳು. ಒಟಿಲಿಯಾ ಕೊಡೆ ಎತ್ತಿ ಹಿಡಿದು ಬೇಗ ಬೇಗ ಹೊರಟಳು. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ತನ್ನ ಬೆನ್ನು ದಪ್ಪಗಾಗಿದೆ, ಈ ಬಿಳಿ ಪ್ಯಾಂಟು ಹಾಕಿಕೊಂಡು ಬರಬಾರದಿತ್ತು ಎನ್ನಿಸಿತು. ಮರುಕ್ಷಣ, ಸತ್ತವನು ನೋಡಿದರೆ ನೋಡಲಿ, ಎಂದುಕೊಂಡಳು.

ಮಾರುಕಟ್ಟೆಯಲ್ಲಿ ಅವಳ ಬಾಯಿ ತನ್ನ ಪಾಡಿಗೆ ಕೆಲಸ ಮಾಡಿತು. ಕಪ್ಪು ಕತ್ತಿಮೀನು ಸಮುದ್ರದ ಎಷ್ಟು ಆಳದಿಂದ ಬರುತ್ತದೆ, ಮೇಲಕ್ಕೆ ಬರುವಷ್ಟರಲ್ಲೇ ಹೇಗೆ ಸಾಯುತ್ತದೆ, ಅದನ್ನು ಬಾಳೆಹಣ್ಣಿನ ಜೊತೆ ಕರಿದು ತಿನ್ನುವುದು ಯಾಕೆ ಎಂಬುದನ್ನೆಲ್ಲ ಹೇಳುತ್ತ ಹೋಯಿತು. ಅವಳು ಮಾತ್ರ ಆ ಮೀನುಗಳ ತಟ್ಟೆಯಗಲದ ಕಣ್ಣುಗಳನ್ನು ನೋಡುತ್ತ, ಇದು ಶುರುವಾದದ್ದು ಹೇಗೆ ಎಂದು ಯೋಚಿಸುತ್ತಿದ್ದಳು. ಯಾರೋ ಒಬ್ಬಳು ಯಾವತ್ತೋ, ನಿಮಗೆ ಗಂಡ ಇಲ್ಲವೇ ಎಂದು ಕೇಳಿದ್ದಳು. ಆಫ್ರಿಕಾಕ್ಕೆ ಹೋದ, ಬಾ ಎಂದು ಫೋನು ಮಾಡುತ್ತಿದ್ದ, ನಾನು ಮುಂದಿನ ತಿಂಗಳು ಮುಂದಿನ ತಿಂಗಳು ಎನ್ನುತ್ತಿದ್ದೆ, ಆಮೇಲೆ ಫೋನು ನಿಂತಿತು, ಅಷ್ಟು ಉದ್ದದ ಉತ್ತರ ಕೊಡುವುದಕ್ಕೆ ಆವತ್ತು ಬಿಸಿಲು ಬಹಳವಿತ್ತು. "ತೀರಿಕೊಂಡ್ರು," ಎಂದಿದ್ದಳು. ಆ ಹೆಂಗಸಿನ ಕಣ್ಣು ತುಂಬಿ ಬಂತು. ಹೇಗೆ ಎಂದು ಕೇಳಿದಳು. ಹೇಗೆ ಎಂಬುದನ್ನು ಒಟಿಲಿಯಾ ಅಲ್ಲೇ ನಿಂತು ಕಟ್ಟಬೇಕಾಯಿತು. ಆಮೇಲೆ ಬಂದ ಒಂದೊಂದು ಹಡಗೂ ಅದಕ್ಕೆ ಒಂದೊಂದು ಮಾತು ಸೇರಿಸಿತು.

ಹಣ್ಣಿನ ಅಂಗಡಿಯವಳು ಎಲ್ಲರ ಅಂಗೈ ಮೇಲೂ ಸಕ್ಕರೆ ಉದುರಿಸಿದ ಹಣ್ಣಿನ ತಿರುಳು ಇಡುತ್ತಿದ್ದಳು. ವೆನಾನ್ಸಿಯೊನನ್ನು ನೋಡಿ, "ಸರ್, ಟೇಸ್ಟ್, ಸರ್!" ಎಂದವಳು ಪಕ್ಕದ ಅಂಗಡಿಯವಳಿಗೆ ದ್ವೀಪದ ಮಾತಿನಲ್ಲಿ, "ಈ ಹೊಟ್ಟೆ ನೋಡೇ. ದುಬಾರಿದೇ ಕೊಡೋಣ, ಬುಟ್ಟಿಗಟ್ಲೆ ತಿಂತಾನೆ," ಎಂದಳು. ಮಡಚಿದ ಕಿವಿ ನಿಧಾನವಾಗಿ ಕೆಂಪೇರಿದ್ದನ್ನು ಒಟಿಲಿಯಾ ಕಂಡಳು. ಅವನು ಹುಟ್ಟಿದ್ದು ಈ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಈಗ ಬಾಯಿ ಬಿಟ್ಟರೆ ಮೂರು ತಲೆಮಾರಿನ ಬೈಗುಳ ಒಟ್ಟಿಗೆ ಬರುತ್ತದೆಂದು ಅವಳು ಕಾದಳು. ಅವನು, "ನೋ, ಥ್ಯಾಂಕ್ ಯೂ," ಎಂದು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. ಅವಳಿಗೆ ನಗು ಬಂತು. ಬಂದದ್ದನ್ನು ಮೀನಿನ ಕಡೆ ತಿರುಗಿ ನುಂಗಿದಳು. ಈ ಮನುಷ್ಯನ ಮೇಲೆ ನಗು ಬರುವುದು, ಅದನ್ನು ನುಂಗುವುದು, ಇವೆರಡೂ ತನಗೆ ಹಳೆಯ ಚಪ್ಪಲಿಯ ಹಾಗೆ ಹೊಂದಿಕೊಂಡದ್ದು ಕಂಡು ಗಾಬರಿಯೂ ಆಯಿತು. ಹೊರಗೆ ಹೂವಿನವರ ಹತ್ತಿರ ಮಿಸೆಸ್ ಹ್ಯಾಲಮ್ ಹಕ್ಕಿಯ ಕೊಕ್ಕಿನಂಥ ಕಿತ್ತಳೆ ಬಣ್ಣದ ಉದ್ದನೆಯ ಹೂವೊಂದನ್ನು ಕೊಂಡಳು. ಹಡಗಿನ ಕೋಣೆಗಿರಬೇಕು ಎಂದುಕೊಂಡು ಒಟಿಲಿಯಾ ಅದರ ಕಡೆ ಗಮನ ಕೊಡಲಿಲ್ಲ.

ಹಳೇ ಪೇಟೆಯ ಆ ಚಿಕ್ಕ ಬಾರನ್ನು ಈವತ್ತು ತಪ್ಪಿಸಿ ಬೇರೆ ಕಡೆ ಕರೆದೊಯ್ಯೋಣವೆಂದು ಅವಳು ಕೊಡೆಯನ್ನು ಎಡಕ್ಕೆ ತಿರುಗಿಸಿದಳು. "ಬಲಕ್ಕಲ್ವಾ?" ಎಂದಳು ಮಿಸೆಸ್ ಹ್ಯಾಲಮ್. ಬಲಕ್ಕೇ ಹೋಗಬೇಕಾಯಿತು. ಬಾರಿನ ಹುಡುಗಿ ನಿಂಬೆರಸ, ಜೇನು, ಕಬ್ಬಿನ ಸಾರಾಯಿ ಎಲ್ಲವನ್ನೂ ಜಾಡಿಗೆ ಸುರಿದು, ಪುಟ್ಟ ಕಡೆಗೋಲನ್ನು ಎರಡು ಅಂಗೈ ನಡುವೆ ಗರಗರ ತಿರುಗಿಸಿ ಪೊಂಚಾ ಕಡೆದಳು. ಲೋಟಗಳು ಬಂದವು. ಎಲ್ಲರೂ ಒಂದೊಂದು ಗುಟುಕು ಕುಡಿದು ಕಣ್ಣರಳಿಸಿದರು. ಹೆಟ್ಟಿ ಒಂದೇ ಸಲಕ್ಕೆ ಮುಗಿಸಿ, "ಇದು ಔಷಧಿ. ಇನ್ನೊಂದು ಕೊಡಿ," ಎಂದಳು. ವೆನಾನ್ಸಿಯೊ ಮೂಲೆಯ ಬೆಂಚಿನ ತುದಿಯಲ್ಲಿ ಕೂತು ಲೋಟವನ್ನು ತಿರುಗಿಸುತ್ತಿದ್ದ. ಅದೇ ಬೆಂಚು. ಒಟಿಲಿಯಾ ಗಂಟಲು ಸರಿಮಾಡಿಕೊಂಡು, ದ್ವೀಪಕ್ಕೆ ಕಬ್ಬು ಬಂದದ್ದು ಹೇಗೆಂದು ಶುರುಮಾಡಿದಳು.

"ಕಬ್ಬು ಯಾರಿಗೆ ಬೇಕು? ಗಂಡನ ಕತೆ ಹೇಳಿ," ಎಂದಳು ಮಿಸೆಸ್ ಹ್ಯಾಲಮ್.

"ಈವತ್ತು ಬೇಡ, ಮಿಸೆಸ್ ಹ್ಯಾಲಮ್. ಹೊತ್ತಾಗಿದೆ."

"ಹೇಳಿ, ಹೇಳಿ," ಎಂದಳು ಹೆಟ್ಟಿ, ಬೆಂಚಿನ ಮೇಲೆ ಮುಂದಕ್ಕೆ ಸರಿದು. "ಗಂಡಂದಿರು ಸಾಯೋ ಕತೆ ನನಗೆ ತುಂಬಾ ಇಷ್ಟ."

ಹೇಳಿದಳು. ನೆಲ ನೋಡಿಕೊಂಡು, ಬಸ್ಸಿನ ವೇಳೆ ಹೇಳುವವಳ ಹಾಗೆ ಹೇಳಿದಳು. ತನ್ನ ಗಂಡ ಮೊಂತೆ ಗುಡ್ಡದ ಮೇಲೆ ಬುಟ್ಟಿಗಾಡಿ ಓಡಿಸುತ್ತಿದ್ದ. ಬೆತ್ತದ ಸೋಫಾಕ್ಕೆ ಮರದ ಜಾರುಪಟ್ಟಿ ಹೊಡೆದ ಆ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು, ಇಬ್ಬರು ಹಿಂದೆ ಹಗ್ಗ ಹಿಡಿದು, ಬೂಟಿನ ರಬ್ಬರೇ ಬ್ರೇಕಾಗಿ, ಇಳಿಜಾರು ಬೀದಿಯಲ್ಲಿ ಕೆಳಗಿನವರೆಗೆ ಜಾರಿಸಿಕೊಂಡು ಬರುವುದು. ಅವತ್ತು ಮಳೆ ಬಿದ್ದು ಬೀದಿ ನೆಂದಿತ್ತು. ಗಾಡಿಯಲ್ಲಿ ಜರ್ಮನಿಯ ಇಬ್ಬರು ಅಕ್ಕತಂಗಿಯರು. ತಿರುವಿನಲ್ಲಿ ಹಗ್ಗ ಕಿತ್ತುಬಂತು. "ಮೂರು ಲೋಟ ಬಿಟ್ಟಿರಿ!" ಎಂದು ಮಿಸೆಸ್ ಹ್ಯಾಲಮ್ ಕೂಗಿದಳು. "ಇದೇ ಬೆಂಚಿನ ಮೇಲೆ ಮೂರು ಲೋಟ ಪೊಂಚಾ ಕುಡಿದು ಹೋಗಿದ್ದ, ಅದಕ್ಕೇ ಅವನಿಗೆ ಸಾವು ಅಂದ್ರೆ ಹೆದರಿಕೇನೇ ಆಗ್ಲಿಲ್ಲ, ಅಲ್ವಾ?" ಹೌದು, ಮೂರು ಲೋಟ, ಎಂದಳು ಒಟಿಲಿಯಾ. ಅವನು ಗಾಡಿಗೂ ಗೋಡೆಗೂ ನಡುವೆ ತನ್ನ ಎದೆ ಕೊಟ್ಟು ನಿಂತ. ಅಕ್ಕತಂಗಿಯರಿಗೆ ಗೀರುಗಾಯವೂ ಆಗಲಿಲ್ಲ. "ಸಾರು!" ಎಂದಳು ಮಿಸೆಸ್ ಹ್ಯಾಲಮ್, ಕಣ್ಣೊರೆಸಿಕೊಳ್ಳುತ್ತ. "ಸಾಯುವಾಗ ಏನಂದ? ಮನೇಲಿ ಸಾರು ಆರೋಗುತ್ತೆ, ಒಟಿಲಿಯಾ ಕಾಯ್ತಿರ್ತಾಳೆ ಅಂದ!" ಬಾರೆಲ್ಲ ನಗುತ್ತಲೇ ಮೂಗು ಒರೆಸಿಕೊಂಡಿತು. ಒಟಿಲಿಯಾ ಮೂಲೆಯ ಕಡೆ ನೋಡಿದಳು. ಸತ್ತವನು ಲೋಟವನ್ನು ಎತ್ತಿ, ಒಳಗಿದ್ದದ್ದನ್ನು ಕೊನೆಯ ಹನಿಯವರೆಗೆ ಕುಡಿದು, ಬಾಯಿ ಒರೆಸಿಕೊಂಡ.

ಮೊಂತೆ ಗುಡ್ಡಕ್ಕೆ ಏರುವ ರೋಪ್‌ವೇ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಬಣ್ಣ ಬಳಿದ ಬಾಗಿಲುಗಳ ಫೋಟೋ ತೆಗೆಯಲು ಎಲ್ಲರೂ ನಿಂತಾಗ, ಅವನು ಅವಳ ಪಕ್ಕಕ್ಕೆ ಬಂದ. ಬಾಗಿಲು ನೋಡುತ್ತಲೇ ದ್ವೀಪದ ಮಾತಿನಲ್ಲಿ, "ನಾನು ಸತ್ತು ಎಷ್ಟು ವರ್ಷ ಆಯ್ತು?" ಎಂದ. ಮಾತು ಸ್ವಲ್ಪ ತುಕ್ಕು ಹಿಡಿದಿತ್ತು.

"ಇಪ್ಪತ್ತರ ಹತ್ತಿರ."

"ಚೆನ್ನಾಗಿ ಸತ್ತಿದ್ದೀನಿ."

"ಜನಕ್ಕೆ ಇಷ್ಟ ಆಗುತ್ತೆ."

"ನನ್ನನ್ನ ಆಡಿಕೊಳ್ಳೋಕೆ ಕಟ್ಟಿದ್ದಾ ಇದನ್ನ? ಎದೆ ಕೊಟ್ಟನಂತೆ. ಊರಿಗೆಲ್ಲಾ ಗೊತ್ತಲ್ಲೇ ನಾನೇನು ಕೊಟ್ಟೆ ಅಂತ." ಅವನ ದನಿ ಏರಿತು, ಹೆಟ್ಟಿ ತಿರುಗಿ ನೋಡಿದಳು, ಮತ್ತೆ ಇಳಿಸಿದ. "ಅವತ್ತು ಜೊತೇಲಿ ಹಗ್ಗ ಹಿಡಿದಿದ್ದ ಅನ್ಸೆಲ್ಮೊನೇ ಆ ಬೆಂಚಿನ ಮೇಲೆ ಹತ್ತಿ ನಾನು ಹಾರಿದ್ದನ್ನ ಹಾರಿ ಹಾರಿ ತೋರಿಸ್ತಿದ್ದ. ಎಲ್ಲಾ ನಗ್ತಿದ್ರು. ನೀನು ಊಟಕ್ಕೆ ಕರೆಯೋಕೆ ಬಂದೋಳು ಬಾಗಿಲಲ್ಲಿ ನಿಂತು ನಕ್ಕೆ."

"ನಗು ಬಂತು, ನಕ್ಕೆ."

ಅವನು ಹೆಂಡತಿಯ ಹತ್ತಿರ ಹೋದ. ಆಡಿಕೊಳ್ಳುವುದಕ್ಕಲ್ಲ ಎಂದು ಒಟಿಲಿಯಾ ಹೇಳಬೇಕಿತ್ತು. ಆದರೆ ಮತ್ತೆ ಯಾತಕ್ಕೆ ಎಂದು ಅವನು ಕೇಳಿದ್ದರೆ? ಸುಮ್ಮನೆ ಸಾಯಿಸಬಹುದಿತ್ತು, ಜ್ವರ ಬಂದು, ಎದೆ ನೋವು ಬಂದು. ಒಳ್ಳೆಯವನನ್ನಾಗಿ ಮಾಡಿದ್ದು ಯಾಕೆ? ಒಂದೊಂದು ಹಡಗಿಗೂ ಅವನು ಇನ್ನಷ್ಟು ಒಳ್ಳೆಯವನಾದ, ಇನ್ನಷ್ಟು ತಮಾಷೆಯವನಾದ. ಸಂಜೆ ಮನೆಗೆ ಹೋಗಿ ಒಲೆ ಹೊತ್ತಿಸುವಾಗ ಅವಳು ಆ ಸತ್ತವನ ಜೊತೆಗೇ ಅಷ್ಟೊಂದು ಮಾತಾಡಿದ್ದಳು. ಈಗ ಈ ಚಡ್ಡಿಯ ಮುದುಕ ಎದುರಿಗೆ ಬಂದು ನಿಂತಾಗ ಅವಳಿಗೆ ಆಗಿದ್ದು, ಪರಪುರುಷನ ಜೊತೆ ಇದ್ದಾಗ ಗಂಡನ ಕೈಗೆ ಸಿಕ್ಕಿಬಿದ್ದವಳಿಗೆ ಆಗುವಂಥ ನಾಚಿಕೆ. ಅದೂ ಆ ಪರಪುರುಷನಿಗೆ ಇವನದೇ ಹೆಸರು.

ರೋಪ್‌ವೇಯಲ್ಲಿ ಯಾರು ಯಾರ ಜೊತೆ ಕೂರಬೇಕೆಂಬುದನ್ನು ಹೆಟ್ಟಿಯೇ ತೀರ್ಮಾನಿಸಿದಳು. ಗಂಡನನ್ನು ಮಿಸೆಸ್ ಹ್ಯಾಲಮ್ ಜೊತೆ ಮುಂದಿನ ತೊಟ್ಟಿಲಿಗೆ ತಳ್ಳಿ, ಹಿಂದಿನದಕ್ಕೆ ಒಟಿಲಿಯಾಳನ್ನು ಹತ್ತಿಸಿಕೊಂಡು ಬಾಗಿಲು ಮುಚ್ಚಿದಳು. ಊರು ಕೆಳಕ್ಕೆ ಇಳಿಯತೊಡಗಿತು. ಕೆಂಪು ಹೆಂಚಿನ ಮಾಡುಗಳು, ಮಾಡುಗಳ ನಡುವೆ ಅಂಗೈಯಗಲದ ಬಾಳೆತೋಟಗಳು, ಯಾರದೋ ತಾರಸಿಯ ಮೇಲೆ ಒಣಗುವ ಬಟ್ಟೆ, ಬೊಗಳುವ ನಾಯಿ, ಎಲ್ಲಕ್ಕಿಂತ ಆಚೆ ಇವರ ಹಡಗು ಸ್ನಾನದ ತೊಟ್ಟಿಯಲ್ಲಿ ತೇಲಿಬಿಟ್ಟ ಸಾಬೂನಿನ ಹಾಗೆ. ಹೆಟ್ಟಿ ಇದ್ಯಾವುದನ್ನೂ ನೋಡಲಿಲ್ಲ.

"ಅವರ ಮೊದಲನೇ ಹೆಂಡತಿ ಹೆಸರೂ ಒಟಿಲಿಯಾ," ಎಂದಳು.

"ಇಲ್ಲಿ ಬೀದಿಗೆ ಇಬ್ಬರು ಸಿಗ್ತಾರೆ."

"ಹಡಗಿನವರು ಗೈಡುಗಳ ಫೋಟೋ ಹಾಕಿದ್ರು. ಅದನ್ನ ನೋಡಿ ನಮ್ಮವರು ಅನ್ನ ಬಿಟ್ಟು ಎದ್ದುಹೋದ್ರು. ಫುಂಶಾಲಲ್ಲಿ ಇಳಿಯೋದೇ ಇಲ್ಲ ಅಂದ್ರು. ಅದಕ್ಕೇ ನಾನು ಬುಕ್ ಮಾಡಿದೆ." ಹೆಟ್ಟಿ ಒಟಿಲಿಯಾಳ ಮೊಣಕಾಲಿನ ಮೇಲೆ ತನ್ನ ದೊಡ್ಡ ಕೈ ಇಟ್ಟಳು. "ಜಗಳಕ್ಕೆ ಬಂದಿಲ್ಲ ತಾಯಿ, ಹೆದರಬೇಡಿ. ನನಗೆ ಒಂದು ವಿಷಯ ಬೇಕು. ನಮ್ಮವರು ನಿದ್ದೇಲಿ ಹಾರ್ತಾರೆ. ಮಲಗಿದ್ದೋರು ಮಲಗಿದ್ದ ಹಾಗೇ ಎಗರಿ ನೆಲಕ್ಕೆ ಬೀಳ್ತಾರೆ. ಹೋದ ವರ್ಷ ಹಾಗೇ ಬಿದ್ದು ಪಕ್ಕೆಲುಬು ಮುರ್ಕೊಂಡ್ರು. ಎಲ್ಲಿಂದ ಹಾರ್ತೀರಿ ಅಂದ್ರೆ ಬಾಯಿ ಬಿಡಲ್ಲ. ನಿಮಗೆ ಗೊತ್ತಿರಬೇಕು."

ತೊಟ್ಟಿಲು ಒಂದು ಕಂಬ ದಾಟಿ ಕುಲುಕಿತು. ಒಟಿಲಿಯಾ ಹೇಳಿದಳು. ಕುಡಿದಿರಲಿಲ್ಲ, ಒಂದು ಲೋಟವೂ. ಹಗ್ಗ ಕೈ ಜಾರಿತು, ಎಲ್ಲರಿಗೂ ಜಾರುತ್ತದೆ. ಗಾಡಿ ಗೋಡೆಯ ಕಡೆ ಬರುತ್ತಿತ್ತು, ಅವನು ನಡುವೆ ಇದ್ದ. ಕಪ್ಪೆಯ ಹಾಗೆ ಗೋಡೆಯ ಮೇಲಕ್ಕೆ ಹಾರಿಕೊಂಡ. ಗಾಡಿ ಗುದ್ದಿತು. ಆ ಅಕ್ಕತಂಗಿಯರಲ್ಲಿ ದೊಡ್ಡವಳ ಕೈ ಮುರಿಯಿತು, ಅದು ವಾಸಿಯೂ ಆಯಿತು. ಊರಿನ ನಗು ಮಾತ್ರ ವಾಸಿಯಾಗಲಿಲ್ಲ; ಮಕ್ಕಳು ಅವನನ್ನು ಕಂಡಾಗ ವಟಗುಟ್ಟುತ್ತಿದ್ದರು. ಕೆಲವೇ ವಾರಗಳಲ್ಲಿ ಹಡಗು ಹತ್ತಿದ. ಹೀಗೆ ಇದ್ದದ್ದನ್ನು ಇದ್ದಂತೆ ಹೇಳಿ ಎಷ್ಟು ಕಾಲವಾಗಿತ್ತೆಂದರೆ, ಮಧ್ಯೆ ಮಧ್ಯೆ ಮಿಸೆಸ್ ಹ್ಯಾಲಮ್ ಬಂದು ತಿದ್ದುತ್ತಾಳೇನೋ ಎನ್ನಿಸಿ ಅವಳು ತಡವರಿಸಿದಳು.

"ಅಷ್ಟೇನಾ?" ಎಂದಳು ಹೆಟ್ಟಿ.

"ಅಷ್ಟೇ."

"ನಾನಾಗಿದ್ರೂ ಹಾರ್ತಿದ್ದೆ. ನೀವಾಗಿದ್ರೂ ಹಾರ್ತಿದ್ರಿ." ಅವಳು ಮುಂದಿನ ತೊಟ್ಟಿಲಿನಲ್ಲಿ ಕಾಣುತ್ತಿದ್ದ ದಪ್ಪ ಕುತ್ತಿಗೆಯನ್ನು ನೋಡಿದಳು. "ಅವತ್ತು ಹಾರದೆ ಹೋಗಿದ್ರೆ ನನಗೆ ಗಂಡ ಎಲ್ಲಿರ್ತಿದ್ದ? ಸರಿ, ಈವತ್ತು ಬುಟ್ಟಿಗಾಡೀಲಿ ಕೂರಿಸಿಕೊಂಡು ಇಳೀತೀನಿ. ನೀವೂ ಬರಬೇಕು."

ಒಟಿಲಿಯಾ ಆ ಗಾಡಿ ಹತ್ತುತ್ತಿರಲಿಲ್ಲ. ಪ್ರವಾಸಿಗಳನ್ನು ಮೇಲೆ ಹತ್ತಿಸಿ, ತಾನು ಬಸ್ಸಿನಲ್ಲಿ ಇಳಿದು ಕೆಳಗೆ ಕಾಯುವುದು ಅವಳ ರೂಢಿ. ಗುಡ್ಡದ ಮೇಲಿನ ಇಗರ್ಜಿಯ ಮೆಟ್ಟಿಲ ಬುಡದಲ್ಲಿ ಬಿಳಿ ಬಟ್ಟೆ, ಹುಲ್ಲಿನ ಟೋಪಿ ಹಾಕಿಕೊಂಡ ಗಾಡಿಯವರು ಹರಟುತ್ತಿದ್ದರು. ಅವಳನ್ನು ಕಂಡು ಒಬ್ಬೊಬ್ಬರೇ ಟೋಪಿ ತೆಗೆದರು. ಯಾವಾಗಲೂ ತೆಗೆಯುತ್ತಿದ್ದರು, ವಯಸ್ಸಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದಳು. ವೆನಾನ್ಸಿಯೊ ಬರುವುದಿಲ್ಲ ಎಂದ. ಸೊಂಟ ನೋವು ಎಂದ. ಕಿವಿಯಂತ್ರ ಬೀಳುತ್ತದೆ ಎಂದ. ಹೆಟ್ಟಿ ಕಿವಿಯಂತ್ರವನ್ನು ತೆಗೆಯಲು ಕೈ ಹಾಕಿದಾಗ ಹತ್ತಿ ಕೂತ. ಒಂದು ಕಡೆ ಹೆಟ್ಟಿ, ಇನ್ನೊಂದು ಕಡೆ ಒಟಿಲಿಯಾ, ನಡುವೆ ಅವನು, ಮೂವರ ಸೊಂಟಕ್ಕೂ ಆ ಬೆತ್ತದ ಗಾಡಿ ಕಿರ್ರೆಂದಿತು.

"ದೋನಾ ಒಟಿಲಿಯಾ, ನೀವೇ ಕೂತ್ರಾ!" ಎಂದ ಎಡಹಗ್ಗದ ನೇಲಿಯೊ, ಮೂವತ್ತರ ಒಳಗಿನ ಗಟ್ಟಿ ಆಳು. "ಸೂರ್ಯ ಎಲ್ಲಿ ಹುಟ್ಟಿದ ಈವತ್ತು? ಹಿಡ್ಕೊಳ್ಳಿ. ಮೂರು ಜನ ದಪ್ಪಗಿದ್ದೀರಿ, ಜೋರಾಗಿ ಹೋಗುತ್ತೆ."

ಜೋರಾಗಿಯೇ ಹೋಯಿತು. ಮರದ ಪಟ್ಟಿ ಟಾರು ರಸ್ತೆಯ ಮೇಲೆ ಹಿಸ್ಸೆನ್ನುತ್ತ, ಎರಡೂ ಬದಿಯ ಗೋಡೆಗಳು, ಗೇಟುಗಳು, ಒಂದು ಬೆಕ್ಕು, ಕಸದ ಡಬ್ಬಿ, ಹೂಬಳ್ಳಿ ಎಲ್ಲ ಹಿಂದಕ್ಕೆ ಓಡಿದವು. ಹೆಟ್ಟಿ ಸಂತೋಷದಿಂದ ಕಿರುಚುತ್ತಿದ್ದಳು. ಒಟಿಲಿಯಾ ಗಾಳಿಗೆ ಕಣ್ಣೀರು ಸುರಿಸುತ್ತ, ಪಕ್ಕದ ತೊಡೆ ಒಂದೊಂದು ತಿರುವಿನಲ್ಲೂ ಗಟ್ಟಿಯಾಗುವುದನ್ನು, ಅದರ ಪಾದ ಇಲ್ಲದ ಬ್ರೇಕನ್ನು ಒತ್ತುವುದನ್ನು ಗಮನಿಸಿದಳು. ದೇಹ ಏನನ್ನೂ ಮರೆತಿರಲಿಲ್ಲ. "ಎಡಕ್ಕೆ ಒರಗ್ರೋ! ಈಗಲೇ!" ಎಂದು ಅವನು ಇದ್ದಕ್ಕಿದ್ದಂತೆ ದ್ವೀಪದ ಮಾತಿನಲ್ಲಿ ಕೂಗಿದ. ಗಾಡಿಯವರು ಒರಗಿದರು. ಗಾಡಿ ತಿರುವಿನಲ್ಲಿ ಅರ್ಧ ಸುತ್ತಿ, ಪಾಚಿ ಹಿಡಿದ ಒಂದು ಕಲ್ಲುಗೋಡೆಯ ಮುಂದೆ ನಿಂತಿತು. ತಾನಾಗಿ ನಿಂತಿದ್ದಲ್ಲ, ನಿಲ್ಲಿಸಿದ್ದರು.

ಗೋಡೆಯ ಸಂದಿಯಲ್ಲಿ ಪ್ಲಾಸ್ಟಿಕ್ ಹೂಗಳಿದ್ದವು. ಒಂದು ಬಾಡಿದ ಮಾಲೆ. ನೇಲಿಯೊ ಟೋಪಿಯನ್ನು ಎದೆಗೆ ಹಿಡಿದು ಹೆಟ್ಟಿಗೆ ಇಂಗ್ಲಿಷಿನಲ್ಲಿ, "ಮೇಡಂ, ಇಲ್ಲಿ ಒಂದು ನಿಮಿಷ ನಿಲ್ಲೋದು ನಮ್ಮ ಪದ್ಧತಿ. ಇಲ್ಲೇ ನಮ್ಮ ವೆನಾನ್ಸಿಯೊ ಪ್ರಾಣ ಕೊಟ್ಟಿದ್ದು. ಎರಡು ಜೀವ ಉಳಿಸಿದ. ಈ ದೊಡ್ಡಮ್ಮನ ಗಂಡ," ಎಂದು ಒಟಿಲಿಯಾಳಿಗೆ ತಲೆಬಾಗಿದ. ಒಟಿಲಿಯಾಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಬಾರಿನಲ್ಲಿ ತಾನು ಬಿಟ್ಟ ಮಾತು ಪ್ರವಾಸಿಗಳ ಬಾಯಿಂದ ಬಾಯಿಗೆ ಹತ್ತಿ ಇಲ್ಲಿಗೆ ಬಂದು ಬೇರೂರಿಬಿಟ್ಟಿತ್ತು.

"ಯಾರು ಹೇಳಿದ್ದು ನಿನಗೆ ಇದನ್ನ?" ಎಂದ ವೆನಾನ್ಸಿಯೊ, ದ್ವೀಪದ ಮಾತಿನಲ್ಲೇ.

"ಯಜಮಾನ್ರಿಗೆ ನಮ್ಮ ಮಾತು ಚೆನ್ನಾಗೇ ಬರುತ್ತಲ್ಲ! ನಮ್ಮ ಸೋದರಮಾವ ಹೇಳಿದ್ದು. ಅನ್ಸೆಲ್ಮೊ ಅಂತ. ಇನ್ನೊಂದು ಹಗ್ಗ ಹಿಡಿದಿದ್ದೋರು ಅವರೇ, ಕಣ್ಣಾರೆ ನೋಡಿದ್ದಾರೆ."

"ಅನ್ಸೆಲ್ಮೊ? ಅವನು ಹೇಳಿದ್ನಾ, ಎದೆ ಕೊಟ್ಟ ಅಂತ?"

"ಸಾಯೋ ತನಕ ಹೇಳ್ತಿದ್ರು ಸಾರ್. ಕುಡಿದ್ರೆ ಅಳೋರು. ಅಂಥವನ ಮೇಲೆ ನಾನು ನಕ್ಕುಬಿಟ್ನಲ್ಲೋ ಅಂತ. ಸತ್ತೋನ ಮೇಲೆ ಯಾಕೆ ನಕ್ಕಿದ್ರೋ ಏನೋ, ಅದು ಮಾತ್ರ ನಮಗೆ ಗೊತ್ತಾಗ್ಲಿಲ್ಲ."

ಆಗ ಹಿಂದಿನ ಗಾಡಿ ಬಂದು ನಿಂತಿತು. ಅದರಲ್ಲಿ ಮಿಸೆಸ್ ಹ್ಯಾಲಮ್ ಕಿತ್ತಳೆ ಹೂವನ್ನು ಈಟಿಯ ಹಾಗೆ ಎತ್ತಿ ಹಿಡಿದಿದ್ದಳು. "ಹೋದ ಸಲ ಬರಿಗೈಲಿ ಬಂದಿದ್ದೆ, ಎಷ್ಟು ಬೇಜಾರಾಯ್ತು. ಸರ್, ನನ್ನ ಹೊಸ ಮೊಣಕಾಲು ಇಲ್ಲಿಂದ ಇಳಿಯಲ್ಲ ಅನ್ನುತ್ತೆ. ನೀವೇ ಸ್ವಲ್ಪ ಅಲ್ಲಿ ಇಟ್ಟುಬಿಡ್ತೀರಾ? ಮರ್ಯಾದೆಯಿಂದ ಇಡಿ."

ಅವನು ಹೂ ತೆಗೆದುಕೊಂಡ. ಗೋಡೆಯ ಹತ್ತಿರ ಹೋಗಿ, ಪ್ಲಾಸ್ಟಿಕ್ ಹೂಗಳ ನಡುವೆ ಜಾಗ ಮಾಡಿ, ಸಂದಿಗೆ ಸಿಕ್ಕಿಸಿದ. ಬಾಗಿತ್ತು, ನೆಟ್ಟಗೆ ಮಾಡಿದ. ಟೋಪಿ ತೆಗೆದ. ಎರಡು ಗಾಡಿಯವರೂ, ಎಲ್ಲರೂ, ತಲೆ ತಗ್ಗಿಸಿ ನಿಂತರು. ಕೆಳಗೆಲ್ಲೋ ಒಂದು ಬಸ್ಸು ಹಾರನ್ ಹಾಕಿತು. ಅವನು ಗೋಡೆಯ ಮೇಲಂಚಿನ ಮೇಲೆ ಅಂಗೈ ಇಟ್ಟ. ಅದು ಅವನ ಎದೆಯಷ್ಟೇ ಎತ್ತರವಿತ್ತು. ತಿರುಗಿ ಒಟಿಲಿಯಾಳನ್ನು ನೋಡಿ, ಮಗುವಿನ ಹಾಗೆ ಆಶ್ಚರ್ಯಪಟ್ಟು, "ಇಷ್ಟೇನಾ ಎತ್ತರ?" ಎಂದ.

"ಕಪ್ಪೆಗೆ ಅಷ್ಟು ಸಾಕಿತ್ತು," ಎಂದುಬಿಟ್ಟಳು ಒಟಿಲಿಯಾ.

ಅವನ ಮಡಚಿದ ಕಿವಿ ಕೆಂಪಾಯಿತು. ಕೆನ್ನೆ ಕೆಂಪಾಯಿತು. ಆಮೇಲೆ ಹೊಟ್ಟೆ ಕುಲುಕತೊಡಗಿತು. ಅವನು ನಗುತ್ತಿದ್ದ. ಗೋಡೆ ಹಿಡಿದುಕೊಂಡು, ಬಗ್ಗಿ, ಉಸಿರು ಸಿಗದೆ ನಗುತ್ತಿದ್ದ. ಬೆಳಗಿನಿಂದ, ಅಲ್ಲ, ಅಂದು ಆ ಬಾರಿನ ಬಾಗಿಲಲ್ಲಿ ನಕ್ಕ ದಿನದಿಂದ ಈಚೆಗೆ ಅವಳು ನುಂಗಿಕೊಂಡಿದ್ದ ನಗುವೆಲ್ಲ ಒಟ್ಟಿಗೆ ಬಂತು. ಅವಳೂ ಗಾಡಿಯ ಅಂಚು ಹಿಡಿದು ನಕ್ಕಳು. ಅವರ ಮಾತು ಒಂದಕ್ಷರ ತಿಳಿಯದಿದ್ದರೂ ಹೆಟ್ಟಿ ಎಲ್ಲರಿಗಿಂತ ಜೋರಾಗಿ ನಕ್ಕಳು. "ಸಮಾಧಿ ಮುಂದೆ!" ಎಂದು ಮಿಸೆಸ್ ಹ್ಯಾಲಮ್ ಬಿಕ್ಕಿದ ದನಿಯಲ್ಲಿ ಹೇಳಿದಳು. "ಆ ಮನುಷ್ಯನ ಸಮಾಧಿ ಮುಂದೆ ನಗೋದಾ!" ನೇಲಿಯೊನೂ ಮುಖ ಗಂಟಿಕ್ಕಿಕೊಂಡು, "ಹತ್ತಿ ಯಜಮಾನ್ರೆ, ಹತ್ತಿ. ಇಲ್ಲಿ ತಮಾಷೆ ಮಾಡಬಾರದು," ಎಂದ. ಯಜಮಾನರು ಕಣ್ಣೊರೆಸಿಕೊಂಡು, ಕ್ಷಮೆ ಕೇಳಿ, ಹತ್ತಿದರು. ಉಳಿದ ದಾರಿಯಲ್ಲಿ ಆ ಪಾದ ಯಾವ ಬ್ರೇಕನ್ನೂ ಒತ್ತಲಿಲ್ಲ.

ಊಟಕ್ಕೆ ಕಬ್ಬಿಣದ ಕೊಕ್ಕೆಗಳಿಂದ ತೂಗುಬಿಟ್ಟ ಹಸಿಕಡ್ಡಿಗಳಿಗೆ ಚುಚ್ಚಿದ ದನದ ಮಾಂಸ ಬಂತು, ತುಪ್ಪದ ಹಾಗೆ ತೊಟ್ಟಿಕ್ಕುವ ಕೊಬ್ಬು, ಬೆಳ್ಳುಳ್ಳಿ ಬೆಣ್ಣೆ ಸವರಿದ ಬಿಸಿ ಗೆಣಸಿನ ರೊಟ್ಟಿ, ಕೆಂಪು ವೈನು. ವೆನಾನ್ಸಿಯೊ ಮಾಣಿಯನ್ನು ದ್ವೀಪದ ಮಾತಿನಲ್ಲಿ ಕರೆದು, ಮಾಂಸ ಸುಟ್ಟಿದ್ದು ಜಾಸ್ತಿಯಾಯಿತೆಂದು ಗದರಿ, ಇನ್ನೊಂದು ಕಡ್ಡಿ ತರಿಸಿದ. "ಎಲ್ಲಿಯವರು ಯಜಮಾನ್ರು?" ಎಂದು ಮಾಣಿ ಕೇಳಿದ್ದಕ್ಕೆ, "ಮಾರ್ಕೆಟ್ಟಿನ ಹಿಂದಿನ ಬೀದಿ," ಎಂದ. ಹೆಟ್ಟಿ ತನ್ನ ಗಂಡನ ತಟ್ಟೆಗೆ ತನ್ನ ರೊಟ್ಟಿ ಹಾಕಿ, ಮೇಜಿನ ಆ ಕಡೆಯಿಂದ ಒಟಿಲಿಯಾಳಿಗೆ ಕಣ್ಣು ಹೊಡೆದಳು. ಒಟಿಲಿಯಾಳಿಗೆ ಹಸಿವಾಗಿತ್ತು, ಗೈಡುಗಳು ಪ್ರವಾಸಿಗಳ ಜೊತೆ ಕೂತು ತಿನ್ನುವುದಿಲ್ಲವೆಂಬುದನ್ನು ಮರೆತು ತಿಂದಳು. ಎದುರಿಗೆ ಕೂತವನನ್ನು ಆಗಾಗ ನೋಡಿದಳು. ದಪ್ಪ ಬೆರಳು, ಗಲ್ಲದ ಮೇಲೆ ಬೆಣ್ಣೆ. ಒಳ್ಳೆಯ ಮನುಷ್ಯ ಅನ್ನಿಸಿತು. ಯಾರದೋ ಗಂಡ ಅನ್ನಿಸಿತು. ಎರಡೂ ಅನ್ನಿಸಿದ್ದು ಹಗುರಾಗಿತ್ತು.

ಹಡಗಿನ ಏಣಿಯ ಹತ್ತಿರ ಮಿಸೆಸ್ ಹ್ಯಾಲಮ್ ಅವಳನ್ನು ತಬ್ಬಿ, ಗಂಡನ ನೆನಪಿಗೆ ಅವಮಾನವಾದದ್ದಕ್ಕೆ ಎಲ್ಲರ ಪರವಾಗಿ ಕ್ಷಮೆ ಕೇಳಿದಳು. ಹೆಟ್ಟಿ ತಬ್ಬಿ, ಕಿವಿಯಲ್ಲಿ, "ಈವತ್ತು ರಾತ್ರಿ ಮಲಗಿದಲ್ಲೇ ಇದ್ರೆ ನಿಮಗೆ ಫೋನ್ ಮಾಡ್ತೀನಿ," ಎಂದು ಹೇಳಿ ಹತ್ತಿದಳು. ವೆನಾನ್ಸಿಯೊ ಹಿಂದೆ ಉಳಿದ. ಸಮುದ್ರ ನೋಡಿದ, ಗುಡ್ಡ ನೋಡಿದ.

"ಒಂದು ಮಾತು. ಆ ಕತೇಲಿ ಮೂರು ಲೋಟ ಅಂತೀಯಲ್ಲ. ಅವತ್ತು ನಾನು ಕುಡಿದಿರಲಿಲ್ಲ."

"ಗೊತ್ತು."

"ತೆಗೆದುಬಿಡು ಅದನ್ನ. ಅಷ್ಟೊಳ್ಳೆ ಮನುಷ್ಯ, ಕುಡುಕ ಅಂತ ಯಾಕೆ ಅನ್ನಿಸ್ಕೋಬೇಕು?"

"ತೆಗೆದ್ರೆ ಜನ ನಗಲ್ಲ, ವೆನಾನ್ಸಿಯೊ. ನಗದೆ ಇದ್ರೆ ಆಮೇಲೆ ಅಳಲ್ಲ."

ಅವನು ಕೆಲಸದ ವಿಷಯ ಯೋಚಿಸುವವನ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿದ. "ಹಾಗಾದ್ರೆ ಎರಡು ಮಾಡು," ಎಂದ.

"ಎರಡೂವರೆ."

"ಎರಡು, ಒಟಿಲಿಯಾ."

"ಸರಿ, ಹತ್ತು ಈಗ. ಏಣಿ ತೆಗೀತಾರೆ."

ಅವನು ಹತ್ತಿದ. ಅವಳು ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ವಾಪಸು ನಡೆದಳು. ಗೇಟಿನ ಹತ್ತಿರ ಬರುವಷ್ಟರಲ್ಲಿ, ಎರಡು ಲೋಟ ಪೊಂಚಾ ಕುಡಿದು, ಎಂದು ಸಣ್ಣಗೆ ಹೇಳಿ ನೋಡುತ್ತಿದ್ದವಳಿಗೆ ಮತ್ತೆ ನಗು ಉಕ್ಕಿಬಂತು. ಎಷ್ಟೋ ವರ್ಷದಿಂದ ಅವಳನ್ನೂ ಅವಳ ಕತೆಯನ್ನೂ ಬಲ್ಲ ಬಂದರಿನ ಕಾವಲುಗಾರ ಕುರ್ಚಿಯಿಂದ ಎದ್ದು, "ಏನು ದೋನಾ ಒಟಿಲಿಯಾ, ಒಬ್ಬರೇ ನಗ್ತಿದ್ದೀರಿ?" ಎಂದ.

"ನನ್ನ ಗಂಡ ಕಣಪ್ಪ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಸತ್ತ ಮೇಲೂ ಚೌಕಾಸಿ ಬಿಡಲಿಲ್ಲ."